ಎಂಟು ಗಂಟೆಯ ಮಾತ್ರೆ

ಮಾರ್ಚ್ 28, ಶನಿವಾರ

ಬಸ್ಸು ನಿಂತು ಇವತ್ತಿಗೆ ಐದು ದಿನ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯ ಗಾಜಿನ ಹಿಂದೆ ಕೂತು, ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆಯುತ್ತಾ ಬಂದವಳು ನಾನು. ಈಗ ಬರುವ ಬಸ್ಸೂ ಇಲ್ಲ, ಹೊರಡುವ ಬಸ್ಸೂ ಇಲ್ಲ. ಕೈ ಸುಮ್ಮನಿರುವುದಿಲ್ಲ ಎಂದು ಈ ನೋಟ್‌ಬುಕ್ ತೆಗೆದೆ. ಇದನ್ನು ಓದುವವರು ಯಾರೂ ಇಲ್ಲ, ಹಾಗಾಗಿ ಅಕ್ಷರ ಹೇಗಿದ್ದರೂ ನಡೆಯುತ್ತದೆ.

ಇವತ್ತು 11:10ಕ್ಕೆ ತಮ್ಮ ಬಂದ. ಹತ್ತೂವರೆಗೆ ಬರುತ್ತೇನೆ ಎಂದವನು ನಲವತ್ತು ನಿಮಿಷ ತಡ. ಒಂದು ಬಟ್ಟೆಯ ಚೀಲ, ಮಾತ್ರೆಗಳ ಡಬ್ಬಿ, ಎತ್ತಲಾರದ ಒಂದು ಪೆಟ್ಟಿಗೆ. ಪೆಟ್ಟಿಗೆಯ ತುಂಬಾ ತುಕ್ಕು ಹಿಡಿದ ಬೀಗಗಳು. ಅವನದು ಬೀಗ ರಿಪೇರಿ ಮಾಡುವ, ಕೀಲಿ ಮಾಡಿಕೊಡುವ ಅಂಗಡಿ. “ಊರಿಗೆ ಊರೇ ಬೀಗ ಹಾಕ್ಕೊಂಡಿದೆ, ಬೀಗದವನಿಗೆ ಮಾತ್ರ ಕೆಲಸ ಇಲ್ಲ ನೋಡಕ್ಕ” ಎಂದು ಮೆಟ್ಟಿಲ ಮೇಲೆಯೇ ಶುರುಮಾಡಿದ. ಮೊದಲು ಕೈ ತೊಳೆದುಕೋ ಎಂದೆ.

ಅವನು ಬಂದಿರುವುದು ನೆಂಟಸ್ತನಕ್ಕಲ್ಲ. ಹದಿನಾಲ್ಕು ತಿಂಗಳ ಹಿಂದೆ ನನ್ನ ಎಡಗಡೆಯ ಕಿಡ್ನಿ ತೆಗೆದು ಅವನಿಗೆ ಹಾಕಿದ್ದಾರೆ. ಇದು ಬೇರೆಯವರದು ಎಂದು ಮೈ ಅದನ್ನು ಹೊರದಬ್ಬದಿರಲಿ ಎಂದು ದಿನಕ್ಕೆ ಎರಡು ಹೊತ್ತು ಮಾತ್ರೆ. ಆ ಮಾತ್ರೆಯ ಕೆಲಸವೇ ಮೈಯ ಕಾವಲನ್ನು ಮಂಕು ಮಾಡುವುದು. ಕಾವಲು ಮಂಕಾದ ಮೈಗೆ ಈ ಹೊಸ ಸೋಂಕು ಹೊಕ್ಕರೆ ಏನಾಗುತ್ತದೆ ಎಂದು ಡಾಕ್ಟರು ಪೂರ್ತಿ ಹೇಳಲಿಲ್ಲ, ನಾನೂ ಪೂರ್ತಿ ಕೇಳಲಿಲ್ಲ. ಅವನ ಹೆಂಡತಿ ಕೆಲಸ ಮಾಡುವುದು ಔಷಧಿ ಅಂಗಡಿಯ ಕೌಂಟರಿನಲ್ಲಿ. ದಿನಕ್ಕೆ ಇನ್ನೂರು ಜನ ಅವಳೆದುರು ನಿಂತು ಕೆಮ್ಮಿ ಹೋಗುತ್ತಾರೆ. ಅದಕ್ಕೇ ಇದೆಲ್ಲ ತಣ್ಣಗಾಗುವವರೆಗೆ ತಮ್ಮ ನನ್ನ ಮನೆಯಲ್ಲಿ. ಎರಡನೇ ಮಹಡಿ, ಒಂದೇ ಬಾಗಿಲು, ಒಬ್ಬಳೇ ಇರುವವಳು.

ನನ್ನ ಕಿಡ್ನಿ ನನ್ನ ಕಣ್ಣೆದುರಿಗೇ ಇರುತ್ತದೆ ಎಂದು ನೆಮ್ಮದಿಯಾಗಿದೆ.

ಮಾರ್ಚ್ 30, ಸೋಮವಾರ

ವೇಳಾಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. 6:00 ಏಳುವುದು. 6:15 ತೂಕ. 6:20 ಬಿಪಿ. 8:00 ಮಾತ್ರೆ. 9:00 ತಿಂಡಿ. ರಾತ್ರಿ 8:00 ಮತ್ತೆ ಮಾತ್ರೆ. ನೀರು ಮೂರು ಲೀಟರ್. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ಎರಡೂ ಬರೆಯಬೇಕು. ತಮ್ಮ ನಿಂತು ಓದಿ, “ಸೀಟಿ ಯಾವಾಗ ಊದ್ತೀರಾ ಕಂಟ್ರೋಲರ್ ಮೇಡಂ?” ಎಂದು ಕೇಳಿದ.

ಬೆಳಿಗ್ಗೆ ಎದ್ದ ಕೂಡಲೇ ನಾನು ಕೇಳಿದ್ದು, “ನಂದು ಹೇಗಿದೆ?”

“ನಿಂದು ಚೆನ್ನಾಗಿದೆ. ನಾನೂ ಚೆನ್ನಾಗಿದೀನಿ, ಕೇಳಿದ್ದಕ್ಕೆ ಸಂತೋಷ.”

ಬಾಯಿ ಜೋರು. ಆಪರೇಷನ್ನಿಗೆ ಮುಂಚೆ ಎರಡು ವರ್ಷ ಈ ಬಾಯಿ ಮುಚ್ಚಿಯೇ ಇತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಾಡಿಸಿಕೊಂಡು ಬಂದ ದಿನ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ, ಯಾರು ಕರೆದರೂ ತಿರುಗುತ್ತಿರಲಿಲ್ಲ. ಅದನ್ನು ನೆನೆದರೆ ಈಗಿನ ತಲೆಹರಟೆ ಎಷ್ಟೋ ವಾಸಿ.

ಮಧ್ಯಾಹ್ನ ಆಸ್ಪತ್ರೆಯಿಂದ ಫೋನು. ಕಸಿ ಮಾಡಿಸಿಕೊಂಡವರನ್ನೆಲ್ಲ ಫೋನಿನಲ್ಲೇ ನೋಡಿಕೊಳ್ಳುವ ಕೆಲಸ ಒಬ್ಬ ಹೆಂಗಸಿಗೆ ಕೊಟ್ಟಿದ್ದಾರೆ. ಹೊರರೋಗಿಗಳ ವಿಭಾಗ ಮುಚ್ಚಿದೆಯಂತೆ, ಅರ್ಧ ಕಟ್ಟಡ ಸೋಂಕಿನವರಿಗೆ ಬಿಟ್ಟುಕೊಟ್ಟಿದ್ದಾರಂತೆ. ಇನ್ನು ಮೇಲೆ ರಕ್ತ ತೆಗೆಯುವವರು ಮನೆಗೇ ಬರುತ್ತಾರೆ, ಡಾಕ್ಟರು ಫೋನಿನಲ್ಲೇ ಮಾತಾಡುತ್ತಾರೆ.

“ನೀವು ಪೇಷೆಂಟ್‌ಗೆ ಏನಾಗ್ಬೇಕು?” ಎಂದು ಕೊನೆಗೆ ಕೇಳಿದಳು.

“ಕಿಡ್ನಿ ಕೊಟ್ಟವಳು” ಎಂದೆ.

ಏಪ್ರಿಲ್ 9, ಗುರುವಾರ

ಇವತ್ತು ಜಗಳ ಆಯಿತು.

ಕೆಳಗಿನ ಮನೆಯ ಮುದುಕರು ಕಸ ಹಾಕಲು ಹೊರಗೆ ಬಂದಾಗ ಬಾಗಿಲು ತಾನಾಗಿ ಲಾಕ್ ಆಗಿದೆ. ಒಲೆಯ ಮೇಲೆ ಪಾತ್ರೆ ಇದೆ ಎಂದು ಅವರು ಮೆಟ್ಟಿಲಲ್ಲಿ ಕೂಗಾಡುತ್ತಿದ್ದರು. ತಮ್ಮ ಅಷ್ಟರಲ್ಲೇ ಪೆಟ್ಟಿಗೆಯಿಂದ ಒಂದು ತಂತಿ, ಒಂದು ಚಪ್ಪಟೆ ಕಡ್ಡಿ ತೆಗೆದುಕೊಂಡು ಚಪ್ಪಲಿ ಮೆಟ್ಟಿದ್ದ. ಬಾಗಿಲಿಗೆ ಅಡ್ಡ ನಿಂತೆ.

“ಎರಡು ನಿಮಿಷದ ಕೆಲಸ ಅಕ್ಕ. ಮುಟ್ಟೋದು ಬೀಗನ, ಅವರನ್ನಲ್ಲ.”

“ಅವರು ನಿನ್ನೆಯಿಂದ ಕೆಮ್ತಿದಾರೆ. ಅದು ನನ್ನ ಕಿಡ್ನಿ. ನೀನು ಅದನ್ನ ಕಂಡಕಂಡಲ್ಲಿ ಹೊತ್ಕೊಂಡು ಹೋಗೋ ಹಾಗಿಲ್ಲ.”

ಅವನು ಚಪ್ಪಲಿ ಕಳಚಿದ. ಬಾಲ್ಕನಿಗೆ ಹೋಗಿ ತಂತಿಯನ್ನೂ ಕಡ್ಡಿಯನ್ನೂ ಕೆಳಗೆ ಹಾಕಿ, ಕಿಟಕಿಯ ಚಿಲಕವನ್ನು ಹೊರಗಿನಿಂದ ಹೇಗೆ ಎತ್ತಬೇಕೆಂದು ಮುದುಕರಿಗೆ ಬಗ್ಗಿ ಬಗ್ಗಿ ಹೇಳಿಕೊಟ್ಟ. ಇಪ್ಪತ್ತೆರಡು ನಿಮಿಷ ಹಿಡಿಯಿತು. ಪಾತ್ರೆ ಸೀದುಹೋಯಿತು, ಮುದುಕರು ಚೆನ್ನಾಗಿದ್ದಾರೆ.

ಆಮೇಲೆ ಇಡೀ ದಿನ ಮುಖ ಊದಿಸಿಕೊಂಡು ಬೀಗ ಉಜ್ಜುತ್ತಾ ಕೂತ. ಇರಲಿ. ನಾನು ಹೇಳಿದ್ದರಲ್ಲಿ ತಪ್ಪೇನಿದೆ.

ಏಪ್ರಿಲ್ 14, ಮಂಗಳವಾರ

ತಮ್ಮನ ಹೆಂಡತಿ ದಿನವೂ ಕೆಲಸ ಮುಗಿಸಿಕೊಂಡು ಹೋಗುವಾಗ ಬಾಲ್ಕನಿಯ ಕೆಳಗೆ ನಿಲ್ಲುತ್ತಾಳೆ. ನಾವು ಹಗ್ಗಕ್ಕೆ ಚೀಲ ಕಟ್ಟಿ ಇಳಿಸುತ್ತೇವೆ, ಅವಳು ಮಾತ್ರೆ, ತರಕಾರಿ ಹಾಕುತ್ತಾಳೆ. ಗಂಡ ಹೆಂಡತಿ ಮೇಲೆ ಕೆಳಗೆ ನಿಂತು ಹತ್ತು ನಿಮಿಷ ಮಾತಾಡುತ್ತಾರೆ, ಬೀದಿಗೆಲ್ಲ ಕೇಳುತ್ತದೆ. ಇವತ್ತು ಹೊರಡುವಾಗ ನನ್ನನ್ನು ಕರೆದಳು.

“ಅತ್ತಿಗೆ, ನಾಳೆ ರಕ್ತ ತಗೊಳೋಕೆ ಬರ್ತಾರಲ್ಲ, ರಕ್ತ ಕೊಡೋ ದಿನ ಆ ಮಾತ್ರೆ—”

“ನಂಗೆ ಗೊತ್ತಮ್ಮ” ಎಂದೆ. “ಹದಿನಾಲ್ಕು ತಿಂಗಳಿಂದ ನಂಗೂ ಗೊತ್ತು. ನೀನು ನಿನ್ನ ಕೌಂಟರ್ ನೋಡ್ಕೋ.”

ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಕೆಳಗಿನಿಂದ ಕೂಗಿ ಕೂಗಿ ನನಗೆ ಪಾಠ ಮಾಡುವುದು ಬೇಡ. ಕಿಡ್ನಿ ಕೊಟ್ಟವಳಿಗೆ ಮಾತ್ರೆ ಕೊಡಲು ಬರುವುದಿಲ್ಲವೇ?

ಏಪ್ರಿಲ್ 15, ಬುಧವಾರ

ರಕ್ತದವನು ಏಳೂವರೆಗೆ ಬರಬೇಕಿತ್ತು. ಬರಲಿಲ್ಲ. ಮುಕ್ಕಾಲಾಯಿತು, ಎಂಟಾಗುತ್ತಾ ಬಂತು. ತಮ್ಮ “ತಡಿ ಅಕ್ಕ, ಅವನು ಬಂದ್ ಹೋಗ್ಲಿ” ಎಂದ. ಯಾವನೋ ತಡವಾಗಿ ಬಂದರೆ ನಮ್ಮ ಮಾತ್ರೆಯೂ ತಡವಾಗಬೇಕೇ? ಒಂದು ಬಸ್ಸು ಬರಲಿಲ್ಲ ಎಂದು ಇನ್ನೊಂದನ್ನು ನಿಲ್ಲಿಸಿದವಳಲ್ಲ ನಾನು. 8:00ಕ್ಕೆ ಸರಿಯಾಗಿ ನೀರು ಕೈಗೆ ಕೊಟ್ಟು ನುಂಗಿಸಿದೆ.

ರಕ್ತದವನು ಬಂದದ್ದು 9:40ಕ್ಕೆ. ಮೂರು ಕಡೆ ರಸ್ತೆಗೆ ಅಡ್ಡ ಹಾಕಿದ್ದಾರಂತೆ, ಸುತ್ತಿ ಬಳಸಿ ಬಂದನಂತೆ. ತಲೆಯಿಂದ ಕಾಲಿನವರೆಗೆ ನೀಲಿ ಪ್ಲಾಸ್ಟಿಕ್ಕು ತೊಟ್ಟು ಒಳಗೆ ಬೆವರುತ್ತಿದ್ದ. ಬಾಗಿಲಲ್ಲೇ ಕುರ್ಚಿ ಹಾಕಿ, ಅಲ್ಲೇ ರಕ್ತ ತೆಗೆಸಿ, ಹೋದ ಮೇಲೆ ಕುರ್ಚಿ ತೊಳೆದೆ.

ಇಂಥ ದಿನದಲ್ಲೂ ನಮ್ಮ ಕಡೆಯಿಂದ ಒಂದು ನಿಮಿಷವೂ ತಪ್ಪಲಿಲ್ಲ.

ಏಪ್ರಿಲ್ 17, ಶುಕ್ರವಾರ

ಕ್ರಿಯಾಟಿನಿನ್ 1.2. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಅಂಕಿ ಅದು, ಕಡಿಮೆ ಇದ್ದಷ್ಟು ಒಳ್ಳೆಯದು. ನನ್ನದು ಮೊದಲಿನಿಂದ 1.2 ಬಿಟ್ಟು ಕದಲಿಲ್ಲ.

ಆದರೆ ರಕ್ತದಲ್ಲಿ ಮಾತ್ರೆಯ ಮಟ್ಟ ಹದಿನಾರು ಬಂದಿದೆ. ಏಳರ ಆಸುಪಾಸು ಇರಬೇಕಂತೆ. ಡಾಕ್ಟರು ಫೋನಿನಲ್ಲಿ ಅವಸರದಲ್ಲಿದ್ದರು, ಹಿಂದೆ ಯಾರೋ ಯಾರನ್ನೋ ಕೂಗುತ್ತಿದ್ದರು.

“ಈ ಕಾಲದಲ್ಲಿ ಔಷಧಿ ಇಷ್ಟು ಜಾಸ್ತಿ ಇರೋದು ಅಪಾಯ. ಸೋಂಕು ತಗುಲಿದ್ರೆ ಮೈ ತಡ್ಕೊಳೋದಿಲ್ಲ. ಮಾತ್ರೆ, ರಕ್ತ ಎಲ್ಲ ಟೈಮ್ ಪ್ರಕಾರ ತಾನೆ?”

“ಟೈಮ್ ವಿಷಯ ನನ್ನ ಕೇಳ್ಬೇಡಿ ಡಾಕ್ಟ್ರೇ. ನಿಮಿಷ ಆಚೆ ಈಚೆ ಆಗಿಲ್ಲ.”

“ಹಾಗಾದ್ರೆ ಡೋಸ್ ಅರ್ಧ ಮಾಡೋಣ.”

ಇವತ್ತು ರಾತ್ರಿಯಿಂದ ಎರಡರ ಜಾಗದಲ್ಲಿ ಒಂದು ಮಾತ್ರೆ. ಒಂದು ಕಡಿಮೆಯಾಯಿತಲ್ಲ ಎಂದು ತಮ್ಮನಿಗೆ ಖುಷಿ.

ಏಪ್ರಿಲ್ 26, ಭಾನುವಾರ

ಬರೆಯುವಂಥದ್ದು ಏನೂ ಇಲ್ಲ. ಬೀದಿಯ ಕೊನೆಯ ಮನೆಗೆ ಆಂಬುಲೆನ್ಸ್ ಬಂತು. ಬಾಲ್ಕನಿಯ ಬಾಗಿಲನ್ನೂ ಹಾಕಿಕೊಂಡೆ. ತಮ್ಮ ಸೆಖೆ ಎಂದ. ಇರಲಿ ಎಂದೆ.

ಮೇ 4, ಸೋಮವಾರ

ತೂಕ ಐದು ದಿನದಲ್ಲಿ ಒಂದೂವರೆ ಕೆಜಿ ಏರಿದೆ. ನಾನು ಕೈ ಬಿಚ್ಚಿ ಬಡಿಸುತ್ತಿರುವುದಕ್ಕೆ ಎಂದು ತಮ್ಮ ಹೇಳುತ್ತಾನೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಅಡುಗೆ ಮಾಡಿದವಳಲ್ಲ.

ರಕ್ತದವನು ಇವತ್ತು 7:35ಕ್ಕೇ ಬಂದ. ರಸ್ತೆಯ ಅಡ್ಡ ತೆಗೆದಿದ್ದಾರಂತೆ. ಎಂಟಕ್ಕೆ ಮಾತ್ರೆ.

ಸಂಜೆ ಅಂಕಿ ಬಂತು. 1.6.

ನೀರು ಹೆಚ್ಚು ಕುಡಿಸಿ, ಶುಕ್ರವಾರ ಇನ್ನೊಂದು ಸಲ ನೋಡೋಣ ಎಂದು ಫೋನಿನ ಹೆಂಗಸು ಹೇಳಿದಳು. ಮಟ್ಟದ ರಿಪೋರ್ಟು ತಡವಾಗುತ್ತದಂತೆ, ಲ್ಯಾಬಿನಲ್ಲಿ ಜನ ಇಲ್ಲ. ತಮ್ಮ, “ಪಾಯಿಂಟ್ ನಾಲ್ಕು ತಾನೆ” ಎಂದ. ಅವನ ಕಾಲಿನ ಮೇಲೆ ಕಾಲ್ಚೀಲದ ಗುರುತು ಬಿದ್ದಿತ್ತು. ಬೆರಳಲ್ಲಿ ಒತ್ತಿ ನೋಡಿದೆ. ಗುಳಿ ಬಿದ್ದು ಹಾಗೆಯೇ ಉಳಿಯಿತು. ಅವನೂ ನೋಡಿದ, ಆಮೇಲೆ ತಮಾಷೆ ಮಾಡಲಿಲ್ಲ.

ಮೇ 8, ಶುಕ್ರವಾರ

2.1.

ಅಂಕಿ ಕೇಳಿದಾಗ ಪಕ್ಕೆಯ ಹಳೆಯ ಗಾಯದ ಗುರುತು ಚುರ್ ಎಂದಿತು. ಅಲ್ಲಿ ಈಗ ಏನೂ ಇಲ್ಲ, ಚುರ್ ಎನ್ನಲು ಕಾರಣವೂ ಇಲ್ಲ.

ಡಾಕ್ಟರೇ ಮಾತಾಡಿದರು. ಮಾತ್ರೆಯ ಮಟ್ಟವೂ ಬಂದಿದೆ, 2.8. “ಏಪ್ರಿಲಲ್ಲಿ ಹದಿನಾರು. ಡೋಸ್ ಅರ್ಧ ಮಾಡಿದ್ರೆ ಎಂಟಕ್ಕೆ ಬರಬೇಕು. ಇದು ಮೂರೂ ಇಲ್ಲ. ಹೊಂದ್ತಾನೇ ಇಲ್ಲ. ಬೆಳಗಿನ ಮಾತ್ರೆ ನುಂಗೋ ಮುಂಚೆ, ಹಿಂದಿನ ರಾತ್ರೀದು ಎಷ್ಟು ಉಳಿದಿದೆ ಅಂತ ನೋಡೋದೇ ಈ ಟೆಸ್ಟು. ಇಷ್ಟು ಕಡಿಮೆ ಉಳಿದಿದೆ ಅಂದ್ರೆ, ಅವರು ಮಾತ್ರೆ ತಪ್ಪಿಸ್ತಿದಾರಾ? ಇಲ್ಲಾಂದ್ರೆ ಸೋಂಕೇ ಕಿಡ್ನಿಗೆ ಹೋಗಿದೆಯಾ ನೋಡ್ಬೇಕು. ಹಾಗಿದ್ರೆ ಉಳಿದ ಔಷಧಿನೂ ನಿಲ್ಲಿಸಬೇಕಾಗುತ್ತೆ. ನಾಳೆ ತೀರ್ಮಾನ ಮಾಡೋಣ.”

ಔಷಧಿ ನಿಲ್ಲಿಸಿದರೆ ಕಿಡ್ನಿ ಹೋಗುತ್ತದೆಯೇ ಎಂದು ಕೇಳಿದೆ. ಹೋಗಬಹುದು ಎಂದರು. ಮತ್ತೆ ಡಯಾಲಿಸಿಸ್, ಮತ್ತೆ ಗೋಡೆ.

ಮಾತ್ರೆ ತಪ್ಪಿಸುವುದು ಎಂದ ಕೂಡಲೇ ನನಗೆ ಎಲ್ಲ ಹೊಳೆದುಹೋಯಿತು. ಒಂದು ಕಡಿಮೆಯಾದಾಗ ಎಷ್ಟು ಖುಷಿಪಟ್ಟಿದ್ದ. ನೇರವಾಗಿ ಹೋಗಿ ಕೇಳಿದೆ.

“ಎಲ್ಲಿ ಬಿಸಾಕ್ತಿದೀಯ ಮಾತ್ರೆನ?”

“ಯಾವ ಮಾತ್ರೆ?”

“ನಾಟಕ ಬೇಡ. ನಾಲಿಗೆ ಅಡೀಲಿ ಇಟ್ಕೊಂಡು ಆಮೇಲೆ ಉಗೀತಿದೀಯಾ? ಅದು ನನ್ನ ಹೊಟ್ಟೆ ಕೊಯ್ದು ತೆಗೆದಿದ್ದು ಕಣೋ.”

ಅವನು ಕೈಯಲ್ಲಿದ್ದ ಬೀಗವನ್ನು ಮೇಜಿನ ಮೇಲಿಟ್ಟ. “ನೀನೇ ಎದುರಿಗೆ ನಿಂತು ನುಂಗಿಸ್ತೀಯಲ್ಲ ಅಕ್ಕ. ಬಾಯಿ ತೆಗೆಸಿ ನೋಡ್ತೀಯ. ನಾನೆಲ್ಲಿಂದ ಬಿಸಾಕ್ಲಿ?” ಎಂದ. ದನಿ ಏರಿಸಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಖಾಲಿ ಸ್ಟ್ರಿಪ್ಪುಗಳನ್ನು ಎಣಿಸಿದೆ. ಸರಿಯಾಗಿಯೇ ಇವೆ. ಇದ್ದರೇನು, ಬೀಗ ತೆಗೆಯುವವನಿಗೆ ಇದೊಂದು ಕಷ್ಟವೇ? ಈ ಪುಸ್ತಕದಲ್ಲಿ ದಿನದಿನದ್ದೂ ಇದೆ. ನಾಳೆ ಕೂತು ಒಂದೊಂದೇ ದಿನ ನೋಡಿ, ಎಲ್ಲಿ ತಪ್ಪಿಸಿದ್ದಾನೆ ಎಂದು ಹಿಡಿದು ತೋರಿಸುತ್ತೇನೆ.

ಮೇ 9, ಶನಿವಾರ

ಬೆಳಿಗ್ಗೆ 10:20

ಮಾರ್ಚ್ 28ರಿಂದ ಓದುತ್ತಾ ಬಂದೆ. ಏಪ್ರಿಲ್ 15ರ ಪುಟ ಈಗ ಎದುರಿಗಿದೆ.

ಎಂಟಕ್ಕೆ ಮಾತ್ರೆ. 9:40ಕ್ಕೆ ರಕ್ತ.

10:45

ಡಾಕ್ಟರು ನಿನ್ನೆ ಹೇಳಿದ್ದನ್ನು ನಾನೇ ನನ್ನ ಕೈಯಾರೆ ಬರೆದಿದ್ದೇನೆ. ಮಾತ್ರೆ ನುಂಗುವ ಮುಂಚೆ ಎಷ್ಟು ಉಳಿದಿದೆ ಎಂದು ನೋಡುವುದೇ ಆ ಟೆಸ್ಟು. ನಾನು ಮಾತ್ರೆ ನುಂಗಿಸಿ, ಅದು ರಕ್ತಕ್ಕೆ ಇಳಿಯಲು ನೂರು ನಿಮಿಷ ಕೊಟ್ಟು, ಆಮೇಲೆ ರಕ್ತ ತೆಗೆಸಿದ್ದೇನೆ. ಹದಿನಾರು ಬರದೆ ಇನ್ನೇನು ಬರುತ್ತದೆ? ಮಟ್ಟ ಹೆಚ್ಚಿರಲೇ ಇಲ್ಲ. ಸರಿಯಾಗಿದ್ದ ಡೋಸನ್ನು ಅರ್ಧ ಮಾಡಿಸಿದವಳು ನಾನು. ಮೂರು ವಾರ ಅವನ ಮೈಗೆ ಅರ್ಧ ಔಷಧಿಯಷ್ಟೇ ಹೋಗಿದೆ.

ಆಸ್ಪತ್ರೆಗೆ ಹೋಗುತ್ತಿದ್ದ ಕಾಲದಲ್ಲಿ ರಕ್ತ ಕೊಡುವ ಸಾಲು ಏಳಕ್ಕೇ ಮುಗಿಯುತ್ತಿತ್ತು, ಕ್ಯಾಂಟೀನಿನಲ್ಲಿ ಕೂತು ಎಂಟಕ್ಕೆ ಮಾತ್ರೆ. ನಾನು ಎಂಟು ಗಂಟೆಯನ್ನು ಮಾತ್ರ ನೆನಪಿಟ್ಟುಕೊಂಡೆ. ಆಗ ಮಾತ್ರೆಯ ಡಬ್ಬಿ ಇರುತ್ತಿದ್ದದ್ದು ಅವನ ಹೆಂಡತಿಯ ಚೀಲದಲ್ಲಿ. ರಕ್ತ ಕೊಡುವ ದಿನ ಆ ಮಾತ್ರೆ, ಎಂದು ಅವಳು ಶುರುಮಾಡಿದ ಮಾತು ಇದೇ. ಮುಗಿಸಲು ನಾನು ಬಿಡಲಿಲ್ಲ.

ಡಾಕ್ಟರು ಟೈಮ್ ಪ್ರಕಾರವೇ ಎಂದು ಕೇಳಿದರೆ ನಾನು ಬಸ್ ನಿಲ್ದಾಣದ ಟೈಮ್ ಹೇಳಿದೆ.

11:30

ಒಳಗೆ ಅವನು ಬೀಗ ಉಜ್ಜುತ್ತಿರುವ ಸದ್ದು ಕೇಳುತ್ತಿದೆ. ನಿನ್ನೆ ನಾನು ಅಷ್ಟೆಲ್ಲ ಅಂದಿದ್ದರೂ ಇವತ್ತು ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ, ನಾನು ಕೇಳುವ ಮುಂಚೆಯೇ ಬಾಯಿ ತೆಗೆದು ತೋರಿಸಿದ.

12:15

ಈ ಒಂದು ಹಾಳೆ ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತಮ್ಮನಿಗೆ ಅವತ್ತಿನದು ನೆನಪಿರಲಿಕ್ಕಿಲ್ಲ. ರಕ್ತದವನು ಸಾವಿರ ಮನೆ ತಿರುಗುವವನು. ಡಾಕ್ಟರು ಸೋಂಕು ಎಂದುಕೊಳ್ಳುತ್ತಾರೆ. ಈ ಕಾಲದಲ್ಲಿ ಏನೇ ಆದರೂ ಸೋಂಕು ಎಂದರೆ ನಡೆಯುತ್ತದೆ.

ಹಾಳೆಯನ್ನು ಅಂಚಿನಿಂದ ಅರ್ಧ ಇಂಚು ಹರಿದೆ.

12:40

ನಿಲ್ದಾಣದ ಲಾಗ್ ಪುಸ್ತಕದಲ್ಲಿ ಹಾಳೆ ಹರಿಯುವಂತಿಲ್ಲ. ತಪ್ಪು ಬರೆದಿದ್ದರೆ ಅದರ ಮೇಲೆ ಒಂದೇ ಗೆರೆ, ಕೆಳಗಿದ್ದದ್ದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕದಲ್ಲಿ ಸಹಿ. ಹೊಸದಾಗಿ ಬಂದವರಿಗೆಲ್ಲ ಮೂವತ್ತೊಂದು ವರ್ಷ ಇದನ್ನೇ ಹೇಳಿಕೊಟ್ಟಿದ್ದೇನೆ.

ಹರಿದ ಅಂಚಿಗೆ ಟೇಪು ಹಚ್ಚಿದೆ. ‘ಒಂದು ನಿಮಿಷವೂ ತಪ್ಪಲಿಲ್ಲ’ ಎಂಬುದರ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ‘ಮಾತ್ರೆ ರಕ್ತಕ್ಕಿಂತ ಮೊದಲು ಕೊಟ್ಟೆ’ ಎಂದು ಬರೆದು ಸಹಿ ಹಾಕಿದೆ.

ಮಧ್ಯಾಹ್ನ 2:00

12:50ಕ್ಕೆ ಫೋನ್ ಮಾಡಿದೆ. ಮೂರು ಸಲ ಕಟ್ಟಾಯಿತು. 1:20ಕ್ಕೆ ಡಾಕ್ಟರು ಸಿಕ್ಕರು. ತಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದ. ಎದ್ದು ಬೇರೆ ಕೋಣೆಗೆ ಹೋಗಿ ಹೇಳಬಹುದಿತ್ತು, ಹೋಗಲಿಲ್ಲ. ಪುಟವನ್ನು ಇದ್ದ ಹಾಗೆಯೇ ಓದಿದೆ.

ಅವರು ಎರಡೂ ಟೈಮನ್ನು ಇನ್ನೊಂದು ಸಲ ಓದಿಸಿದರು.

“ಒಳ್ಳೇದಾಯ್ತು ಹೇಳಿದ್ದು” ಎಂದರು. “ಇನ್ನರ್ಧ ಗಂಟೇಲಿ ಉಳಿದ ಔಷಧಿ ನಿಲ್ಲಿಸಿ ಅಂತ ಬರೆಯೋನಿದ್ದೆ. ನಿಲ್ಲಿಸಿದ್ರೆ ಕಿಡ್ನಿ ಕೈ ತಪ್ಪೋದು. ಈಗ ಕಾರಣ ಗೊತ್ತಾಯ್ತು, ಔಷಧಿ ಸಾಲದೆ ಮೈ ಕಿಡ್ನಿನ ಹೊರಗೆ ದಬ್ತಿದೆ. ಇವತ್ತು ರಾತ್ರಿಯಿಂದಲೇ ಡೋಸ್ ಮೊದಲಿನ ಹಾಗೆ. ಸೋಂಕಿಲ್ಲ ಅಂತ ಮೂಗಿನ ಟೆಸ್ಟ್ ಬಂದ್ರೆ ಸೋಮವಾರ ಸೇರಿಸ್ಕೊಂಡು ಮೂರು ದಿನ ಇಂಜೆಕ್ಷನ್ ಕೊಡೋಣ. ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ.” ಆಮೇಲೆ, “ನಾನೂ ಬಿಡಿಸಿ ಕೇಳ್ಬೇಕಿತ್ತು” ಎಂದರು.

ಫೋನ್ ಇಟ್ಟು ತಮ್ಮನ ಕಡೆ ನೋಡಲು ಧೈರ್ಯ ಬರಲಿಲ್ಲ. ಅವನೇ ಮಾತಾಡಿದ.

“ಬಸ್ಸು ಟೈಮಿಗೆ ಸರಿಯಾಗೇ ಬಿಟ್ಟಿದೀರಿ ಮೇಡಂ. ಜನ ಇನ್ನೂ ಹತ್ತಿರಲಿಲ್ಲ, ಅಷ್ಟೆ.”

ನಾನು ಅತ್ತೆ. ಅವನ ಎದುರಿಗೆ ಅತ್ತದ್ದು ಬಹುಶಃ ಇದೇ ಮೊದಲು. ನಿನ್ನೆ ಹಾಗೆ ಮಾತಾಡಿದ್ದು ತಪ್ಪಾಯಿತು ಎಂದೆ. “ಅತ್ತು ನೀರು ಖಾಲಿ ಮಾಡ್ಕೋಬೇಡ, ಅದನ್ನೂ ಬರೆದಿಡ್ಬೇಕಾಗುತ್ತೆ” ಎಂದ.

ಮೇ 10, ಭಾನುವಾರ

ಅವನ ಹೆಂಡತಿಗೆ ನಾನೇ ಹೇಳಬೇಕಿತ್ತು. ಬಾಲ್ಕನಿಯಿಂದ ಕೂಗಿ ಹೇಳುವ ವಿಷಯವಲ್ಲ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕೆಳಗಿಳಿದು ಹೋಗಿ, ಆರು ಹೆಜ್ಜೆ ದೂರದಲ್ಲಿ ನಿಂತು ಹೇಳಿದೆ. ಆರು ವಾರದಲ್ಲಿ ನಾನು ಬೀದಿಗೆ ಇಳಿದದ್ದು ಇದೇ ಮೊದಲು.

ಅವಳು ಕೊನೆಯವರೆಗೂ ಕೇಳಿದಳು. ನಾನು ಅವಳಿಗೆ ಮಾಡಿದ ಹಾಗೆ ನಡುವೆ ಬಾಯಿ ಹಾಕಲಿಲ್ಲ.

“ಹದಿನೈದು ತಿಂಗಳಿಂದ ‘ನನ್ನ ಕಿಡ್ನಿ, ನನ್ನ ಕಿಡ್ನಿ’ ಅಂತ ಕೇಳಿದೀನಿ ಅತ್ತಿಗೆ. ಒಂದು ಸಲನೂ ಎದುರು ಮಾತಾಡಿಲ್ಲ, ನೀವು ಕೊಟ್ಟಿದ್ದಕ್ಕೆ ಅವರು ಬದುಕಿದಾರೆ ಅಂತ. ಅವತ್ತು ಒಂದೇ ಒಂದು ಮಾತು ಹೇಳೋಕೆ ಬಂದೆ. ಅದು ನಿಮ್ಮ ಕಿಡ್ನಿ ಇರಬಹುದು, ಅವರು ನನ್ನ ಗಂಡ.”

ಹೌದು ಎಂದೆ. ಅವಳು ತರಕಾರಿ ಚೀಲವನ್ನು ನೆಲದ ಮೇಲಿಟ್ಟು ಹೊರಟುಹೋದಳು. ಗಂಡನನ್ನು ನೋಡಲು ತಲೆ ಎತ್ತಲೂ ಇಲ್ಲ. ಅವನು ಬಾಲ್ಕನಿಯಲ್ಲೇ ನಿಂತಿದ್ದ.

ಬೆಳಿಗ್ಗೆ ಮನೆಗೇ ಬಂದು ಮೂಗಿನ ಟೆಸ್ಟಿಗೆ ತೆಗೆದುಕೊಂಡು ಹೋಗಿದ್ದಾರೆ. ಸೋಂಕು ಇದೆ ಎಂದು ಬಂದರೆ ಇಂಜೆಕ್ಷನ್ ಕೊಡುವಂತಿಲ್ಲ. ಫೋನಿನ ಸದ್ದು ಪೂರ್ತಿ ಏರಿಸಿ ಇಟ್ಟಿದ್ದೇನೆ.

ಮೇ 11, ಸೋಮವಾರ

ಸೋಂಕಿಲ್ಲ.

10:05ಕ್ಕೆ ಆಂಬುಲೆನ್ಸ್. ಜೊತೆಗೆ ಯಾರೂ ಬರುವಂತಿಲ್ಲ. ಅವನ ಹೆಂಡತಿ ಅಂಗಡಿಗೆ ರಜೆ ಹಾಕಿ ಬಂದು ಬಾಗಿಲ ಹತ್ತಿರ ನಿಂತಿದ್ದಳು. ಒಂದು ಕಾಗದದಲ್ಲಿ ಎಲ್ಲ ಮಾತ್ರೆಗಳ ಹೆಸರು, ಹೊತ್ತು ಬರೆದು ತಂದಿದ್ದಳು. ಅವನ ಕೈಗೆ ಕೊಡುವ ಮುಂಚೆ ನನಗೆ ತೋರಿಸಿ, “ಸರಿ ಇದೆಯಾ ನೋಡಿ ಅತ್ತಿಗೆ” ಎಂದಳು. ನೀನೇ ನೋಡಮ್ಮ ಎಂದೆ.

ಆಂಬುಲೆನ್ಸ್ ಹತ್ತುವಾಗ ಅವನು ಹಿಂದೆ ತಿರುಗಿ, “ಇವತ್ತು ಕೇಳಲೇ ಇಲ್ವಲ್ಲ” ಎಂದ. ಏನನ್ನು ಎಂದು ಕೇಳುವಷ್ಟರಲ್ಲಿ ಬಾಗಿಲು ಹಾಕಿಕೊಂಡರು. ಮೆಟ್ಟಿಲು ಹತ್ತುವಾಗ ಹೊಳೆಯಿತು, ದಿನವೂ ಬೆಳಿಗ್ಗೆ ಕೇಳುವ ‘ನಂದು ಹೇಗಿದೆ?’

ಮೇ 12, ಮಂಗಳವಾರ

ಮೊದಲ ಇಂಜೆಕ್ಷನ್ ಆಗಿದೆ. 2.3. ಇಳಿದಿಲ್ಲ, ಏರಿದೆ. ಒಂದೆರಡು ದಿನ ಹಾಗೆಯೇ ಎಂದು ಫೋನಿನ ಹೆಂಗಸು ಹೇಳಿದಳು.

“ನೀವು ಪೇಷೆಂಟ್‌ಗೆ ಏನಾಗ್ಬೇಕು?”

“ಅಕ್ಕ.”

ಅವನ ವಾರ್ಡಿನ ಪಕ್ಕದ್ದೇ ಸೋಂಕಿನ ವಾರ್ಡಂತೆ, ನಡುವೆ ಒಂದು ಪ್ಲಾಸ್ಟಿಕ್ ಪರದೆ. ನನಗೆ ಊಟ ಸೇರಲಿಲ್ಲ.

ಮೇ 13, ಬುಧವಾರ

2.3.

ಮೇ 14, ಗುರುವಾರ

2.0. ಸುದ್ದಿ ಬಂದ ಕೂಡಲೇ ಅವನ ಹೆಂಡತಿಗೆ ಫೋನ್ ಮಾಡಿದೆ. ಹಿಂದೆ ಯಾರೋ ಗಿರಾಕಿ ಕೆಮ್ಮಿನ ಔಷಧಿ ಕೇಳುತ್ತಿದ್ದರು. “ಊಟ ಮಾಡಿದ್ರಾ ಅತ್ತಿಗೆ?” ಎಂದು ಕೇಳಿದಳು. ಮಾಡಿದೆ ಎಂದು ಸುಳ್ಳು ಹೇಳಿ, ಆಮೇಲೆ ಮಾಡಿದೆ.

ಮೇ 18, ಸೋಮವಾರ

ಮನೆಗೆ ಬಂದ. 1.6ಕ್ಕೆ ನಿಂತಿದೆ. ಕಿಡ್ನಿ ಉಳಿಯಿತು, ಆದರೆ ಇನ್ನು 1.2 ಆಗುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಇದ್ದದ್ದರಲ್ಲಿ ಸ್ವಲ್ಪ ನಾನು ಕಳೆದೆ. ಅದನ್ನು ಬೇರೆ ರೀತಿಯಲ್ಲಿ ಬರೆಯಲು ಬರುವುದಿಲ್ಲ.

ಅವನ ಕಿಡ್ನಿ ಈಗ ಹೆಚ್ಚು ನೀರು ಕೇಳುತ್ತದಂತೆ, ಬಾಟಲಿ ತಾನೇ ತುಂಬಿಕೊಳ್ಳುತ್ತಾನೆ. ಮಾತ್ರೆಯ ಡಬ್ಬಿಯೂ ಅವನ ಹಾಸಿಗೆಯ ಪಕ್ಕಕ್ಕೆ ಹೋಗಿದೆ. ಫ್ರಿಜ್ಜಿನ ಮೇಲಿದ್ದ ನನ್ನ ವೇಳಾಪಟ್ಟಿ ತೆಗೆದು ಅವನ ಹೆಂಡತಿ ಬರೆದ ಕಾಗದ ಅಂಟಿಸಿದೆ. ಅಕ್ಷರ ನನ್ನದಕ್ಕಿಂತ ದುಂಡಗಿದೆ.

ಸಂಜೆ ಕೆಳಗಿನ ಮುದುಕರು ಒಂದು ಹಳೆಯ ಬೀಗವನ್ನು ಹಗ್ಗದ ಚೀಲದಲ್ಲಿ ಹಾಕಿ ಕಳಿಸಿದರು. ಸಾಬೂನಿನಲ್ಲಿ ತೊಳೆದು ತಮ್ಮನಿಗೆ ಕೊಟ್ಟೆ.

ಜೂನ್ 1, ಸೋಮವಾರ

ಇವತ್ತು ರಕ್ತದ ದಿನ.

7:30ಕ್ಕೆ ಬರಬೇಕಾದವನು ಬರಲಿಲ್ಲ. ತಮ್ಮನ ಹೆಂಡತಿ ಅಂಗಡಿಗೆ ಹೋಗುವ ದಾರಿಯಲ್ಲಿ ಕೆಳಗೆ ನಿಂತಿದ್ದಳು. “ಬಂದ್ರಾ ಅತ್ತಿಗೆ?” ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ಅಂಗಡಿ ತೆಗೆಯುವ ಹೊತ್ತಾಗಿತ್ತು, ಅವಳು ಹೋಗಲಿಲ್ಲ.

ತಮ್ಮ ಎರಡು ಮಾತ್ರೆ, ಒಂದು ಲೋಟ ನೀರು ಮೇಜಿನ ಮೇಲೆ ಇಟ್ಟುಕೊಂಡು ಕೂತ. ನಾನು ಎದುರು ಕೂತೆ. ಎಂಟಕ್ಕೆ ಅವನ ಫೋನಿನ ಅಲಾರಾಂ ಹೊಡೆಯಿತು. ನಿಲ್ಲಿಸಿದ. ನನ್ನ ಕೈ ಲೋಟದ ಕಡೆಗೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಅವನು ನೋಡಿದರೂ ನೋಡದವನ ಹಾಗೆ ಇದ್ದ. ಎಂಟೂ ಹತ್ತು. ಎಂಟೂ ಕಾಲು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಎಂಟೂವರೆಗೆ ಕೆಳಗಿನಿಂದ ಅವಳು ಮತ್ತೆ ಕೇಳಿದಳು, ಇಬ್ಬರೂ ಒಟ್ಟಿಗೇ ಇಲ್ಲ ಎಂದು ಕೂಗಿದೆವು.

8:52ಕ್ಕೆ ರಕ್ತದವನು ಬಂದ. 8:56ಕ್ಕೆ ರಕ್ತ. 8:58ಕ್ಕೆ ತಮ್ಮ ಮಾತ್ರೆ ನುಂಗಿ, ಬಾಲ್ಕನಿಗೆ ಹೋಗಿ, ಬಗ್ಗಿ, ಹೆಂಡತಿಗೆ ಬಾಯಿ ತೆಗೆದು ತೋರಿಸಿದ. ಅವಳು ನಗುತ್ತಾ ಹೊರಟಳು.

ಎಂಟು ಗಂಟೆಗೆ ಏನೂ ಮಾಡಲಿಲ್ಲ.